ಕಾವ್ಯದ ಬಡವ, ಕಡತದ ಬಡವ

ಆಲಿವರ್ ಗೋಲ್ಡ್‌ಸ್ಮಿತ್ ಕವಿಯ ‘ಡೆಸರ್ಟೆಡ್ ವಿಲೇಜ್’ ನಮ್ಮ ದೇಶದ ಇಂಗ್ಲಿಷ್ ತರಗತಿಗಳಲ್ಲಿ ಹಲವು ತಲೆಮಾರುಗಳವರು ಓದಿದ ಕಾವ್ಯ. 1770ರಲ್ಲಿ ಪ್ರಕಟವಾದ ಈ ಕೃತಿಯ ಆಬರ್ನ್ ಎಂಬ ಹಳ್ಳಿಯನ್ನು ಒಮ್ಮೆ ಮನಸ್ಸಿನಲ್ಲಿ ಕಂಡವರು ಮರೆಯುವುದು ಕಷ್ಟ. ಸಂಜೆಯ ಆಟಪಾಟ, ಮಕ್ಕಳು ನಡುಗುವ ಉಪಾಧ್ಯಾಯ, ವರ್ಷಕ್ಕೆ 40 ಪೌಂಡಿನ ವರಮಾನದಲ್ಲಿಯೇ ತೃಪ್ತನಾದ ಪಾದ್ರಿ, ಎಲ್ಲವೂ ಕಣ್ಣಿಗೆ ಕಟ್ಟುತ್ತವೆ. ದಾರಿಹೋಕ ಭಿಕ್ಷುಕನೂ ಮುದಿ ಸಿಪಾಯಿಯೂ ಆ ಪಾದ್ರಿಯ ಒಲೆಯ ಬಳಿ ಕುಳಿತು ತಮ್ಮ ಕಥೆ ಹೇಳುತ್ತಾರೆ. ಅವನು ಅವರ ಗುಣದೋಷಗಳನ್ನು ಎಣಿಸದೆ ಕೈಲಾದುದನ್ನು ಕೊಡುತ್ತಾನೆ. ಮುಂದೆ ಹಣವಂತನೊಬ್ಬ ನೆಲವನ್ನೆಲ್ಲ ಕಬಳಿಸುತ್ತಾನೆ. ಊರು ಹಾಳು ಬೀಳುತ್ತದೆ. ಹಳ್ಳದಲ್ಲಿ ಸೊಪ್ಪು ಕಿತ್ತು ಜೀವಿಸುವ ಒಬ್ಬ ವಿಧವೆ ಮಾತ್ರ ಉಳಿಯುತ್ತಾಳೆ.

ಈ ಕಾವ್ಯದ ಮಾಧುರ್ಯವನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಒಂದು ಪ್ರಶ್ನೆಯನ್ನು ಕೇಳಬೇಕಾಗಿದೆ. ಆಬರ್ನ್ ತುಂಬಿದ ಊರಾಗಿದ್ದಾಗ ಅಲ್ಲಿನ ಮುದುಕರಿಗೆ, ವಿಧವೆಯರಿಗೆ, ಅನಾಥ ಮಕ್ಕಳಿಗೆ ಅನ್ನ ಕೊಡುತ್ತಿದ್ದವರು ಯಾರು? ಪಾದ್ರಿಯ ಕರುಣೆ ಎಂದು ಕಾವ್ಯ ಹೇಳುತ್ತದೆ. ಇತಿಹಾಸದ ಉತ್ತರ ಬೇರೆ. 1770ರ ಯಾವ ಆಂಗ್ಲ ಹಳ್ಳಿಯಲ್ಲಾದರೂ ಬಡವರ ಹೊಟ್ಟೆಯ ಹೊಣೆ ಕಾನೂನಿನ ಪ್ರಕಾರ ಊರಿನ ಮೇಲೆ ಬಿದ್ದಿತ್ತು. ಅದಕ್ಕೆಂದು ತೆರಿಗೆ ಎತ್ತುತ್ತಿದ್ದರು, ಲೆಕ್ಕ ಇಡುತ್ತಿದ್ದರು. ಅದನ್ನು ನಡೆಸುವುದಕ್ಕೆ ಒಬ್ಬ ಅಧಿಕಾರಿಯಿದ್ದ. ಆ ಅಧಿಕಾರಿ ಆಬರ್ನಿನಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಅವನನ್ನು ಬಿಟ್ಟದ್ದರಿಂದ ಕಾವ್ಯಕ್ಕೆ ಏನಾಯಿತು, ಅವನನ್ನು ಬಿಡದೆ ಬರೆದವರು ಏನನ್ನು ಸಾಧಿಸಿದರು ಎಂಬುದೇ ಇಲ್ಲಿಯ ವಿಚಾರ.

ಮೊದಲು ಆ ವ್ಯವಸ್ಥೆಯ ಪರಿಚಯ ಸ್ವಲ್ಪವಾದರೂ ಬೇಕು. ಎಲಿಜಬೆತ್ ರಾಣಿಯ ಆಳ್ವಿಕೆಯ ಕೊನೆಯಲ್ಲಿ, 1601ರಲ್ಲಿ, ಬಡವರ ಕಾನೂನು ಒಂದು ರೂಪಕ್ಕೆ ಬಂತು. ಒಂದು ಚರ್ಚಿಗೆ ಸೇರಿದ ಊರಿನ ಪರಿಧಿಗೆ ಪ್ಯಾರಿಷ್ ಎಂದು ಹೆಸರು. ಪ್ರತಿ ಪ್ಯಾರಿಷಿನಲ್ಲಿಯೂ ಈಸ್ಟರ್ ಹಬ್ಬದ ಹೊತ್ತಿಗೆ ಅನುಕೂಲಸ್ಥ ಮನೆಯವರಲ್ಲಿ ಕೆಲವರನ್ನು ಒಂದು ವರ್ಷದ ಮಟ್ಟಿಗೆ ಬಡವರ ಓವರ್‌ಸಿಯರ್ ಎಂದು ನೇಮಿಸುತ್ತಿದ್ದರು. ಓವರ್‌ಸಿಯರ್ ಎಂದೊಡನೆ ನಮ್ಮ ಓದುಗರಿಗೆ ರಸ್ತೆ ಸೇತುವೆಗಳ ಮೇಲ್ವಿಚಾರಕ ನೆನಪಾಗುವುದು ಸಹಜ. ಈತ ನೋಡಿಕೊಳ್ಳಬೇಕಾದದ್ದು ಮನುಷ್ಯರನ್ನು. ಭೂಮಿ ಮನೆಗಳನ್ನು ಹಿಡಿದವರಿಂದ ತೆರಿಗೆ ಎತ್ತುವುದು, ಕೈಲಾಗದವರಿಗೆ ವಾರವಾರ ಸಹಾಯ ಕೊಡುವುದು, ಕೈಲಾಗುವವರಿಗೆ ಕೆಲಸ ಒದಗಿಸುವುದು, ಬಡ ಮಕ್ಕಳನ್ನು ಯಾವುದಾದರೂ ಕಸುಬಿಗೆ ಒಪ್ಪಿಸುವುದು ಅವನ ಕರ್ತವ್ಯ. ಸಂಬಳವಿಲ್ಲ. ವರ್ಷ ಮುಗಿದ ಮೇಲೆ ಲೆಕ್ಕ ಒಪ್ಪಿಸಬೇಕು. ಅವನ ಮೇಲೆ ಜಸ್ಟೀಸ್ ಆಫ್ ದಿ ಪೀಸ್ ಎನ್ನಿಸಿಕೊಳ್ಳುವ, ಅವನಂತೆಯೇ ಸಂಬಳವಿಲ್ಲದ, ಜಮೀನುದಾರ ನ್ಯಾಯಾಧಿಕಾರಿಗಳು. 1732ರ ಕಾನೂನಿನಂತೆ ವರ್ಷಕ್ಕೆ 100 ಪೌಂಡಿನ ಭೂವರಮಾನವಿದ್ದವನೇ ಆ ಪದವಿಗೆ ಅರ್ಹ.

ಇಷ್ಟೇ ಆಗಿದ್ದರೆ ಇದೊಂದು ಧರ್ಮಕಾರ್ಯವೆಂದು ನಾವು ಹೊಗಳಬಹುದಾಗಿತ್ತು. ಆದರೆ ಊರು ತನ್ನ ಬಡವರನ್ನು ಸಾಕಬೇಕೆಂದಾಗ, ತನ್ನವರು ಯಾರು ಎಂಬ ಪ್ರಶ್ನೆ ಏಳುವುದು ಅನಿವಾರ್ಯ. 1662ರ ಕಾನೂನು ಇದಕ್ಕೆ ಉತ್ತರ ಕೊಟ್ಟಿತು. ವರ್ಷಕ್ಕೆ 10 ಪೌಂಡಿಗಿಂತ ಕಡಿಮೆ ಬಾಡಿಗೆಯ ಮನೆಯಲ್ಲಿ ಬಂದು ಸೇರಿಕೊಂಡ ಹೊಸಬನನ್ನು, ಮುಂದೆ ಊರಿಗೆ ಹೊರೆಯಾಗಬಹುದೆಂಬ ಸಂಶಯದ ಮೇಲೆಯೇ, 40 ದಿನಗಳೊಳಗೆ ಓವರ್‌ಸಿಯರ್ ದೂರಿತ್ತರೆ ಇಬ್ಬರು ಜಸ್ಟೀಸರು ಹುಕುಂ ಮಾಡಿ ಅವನ ಸ್ವಂತ ಪ್ಯಾರಿಷಿಗೆ ಅಟ್ಟಬಹುದು. ಒಬ್ಬನು ಎಲ್ಲಿಯವನು ಎಂಬುದು ಈಗ ಅವನ ಆಸ್ತಿಯಾಯಿತು. ಅದನ್ನು ನೆಲೆಯ ಹಕ್ಕು ಎನ್ನೋಣ. ಮದುವೆಯಾಗದವನು ಒಂದೇ ಧಣಿಯಲ್ಲಿ ಪೂರಾ ಒಂದು ವರ್ಷ ಆಳಾಗಿ ದುಡಿದರೆ, ಕಸುಬಿನ ಗುರುವಿನಲ್ಲಿ ಕರಾರಿನಂತೆ ಕಲಿಯಲು ನಿಂತರೆ, ಊರಿನ ತೆರಿಗೆ ಕೊಟ್ಟರೆ ನೆಲೆಯ ಹಕ್ಕು ದೊರೆಯುತ್ತದೆಂದು 1691ರ ಕಾನೂನು ವಿವರಿಸಿತು. ಹೆಂಡತಿಗೆ ಗಂಡನ ನೆಲೆ, ಮಗುವಿಗೆ ತಂದೆಯ ನೆಲೆ. ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ ಸಾಮಾನ್ಯವಾಗಿ ಹುಟ್ಟಿದ ಊರೇ ನೆಲೆ.

ಈ ಒಂದೊಂದು ವಿಧಿಯೂ ಹಳ್ಳಿಯಲ್ಲಿ ಒಂದೊಂದು ಕ್ರೌರ್ಯಕ್ಕೆ ಬೀಜವಾಯಿತು. ಪೂರಾ ವರ್ಷ ದುಡಿದರೆ ಆಳಿಗೆ ನೆಲೆ ಸಿಕ್ಕೀತೆಂದು ಎಷ್ಟೋ ರೈತರು ಅವನನ್ನು 51 ವಾರಗಳಿಗೆ ಮಾತ್ರ ಇಟ್ಟುಕೊಂಡು ಕಳುಹಿಸಿದರು. ಮಗು ತಮ್ಮ ಊರಿನಲ್ಲಿ ಹುಟ್ಟಿದರೆ ತಮ್ಮ ಹೊರೆ ಎಂದು ದಿನ ತುಂಬಿದ ಅವಿವಾಹಿತ ಹೆಂಗಸನ್ನು ಗಡಿ ದಾಟಿಸಲು ಅವಸರಪಟ್ಟರು. ಸಹಾಯ ಪಡೆಯುವವರು ಬಲತೋಳಿನ ಮೇಲೆ ಕೆಂಪು ಅಥವಾ ನೀಲಿ ಬಟ್ಟೆಯಲ್ಲಿ ಊರಿನ ಮೊದಲಕ್ಷರದೊಡನೆ ‘ಪಿ’ ಎಂಬ ಅಕ್ಷರವನ್ನು ಹೊಲಿದುಕೊಳ್ಳಬೇಕೆಂದು 1697ರಲ್ಲಿ ವಿಧಿಸಿದರು. ಈ ವಿಧಿ ಪುಸ್ತಕದಿಂದ ಹೋದದ್ದು 1810ರಲ್ಲಿ. ಊರೂರುಗಳ ನಡುವೆ ಒಬ್ಬ ಬಡವನಿಗಾಗಿ ವರ್ಷಕ್ಕೆ ನಾಲ್ಕು ಸಲ ಕೂಡುವ ಕ್ವಾರ್ಟರ್ ಸೆಷನ್ಸ್ ನ್ಯಾಯಾಲಯದಲ್ಲಿ ಅಪೀಲುಗಳು ನಡೆದವು. ಅವನಿಗೆ ಊಟ ಹಾಕುವ ಖರ್ಚಿಗಿಂತ ವಕೀಲರ ಖರ್ಚು ಹೆಚ್ಚಾದದ್ದೂ ಉಂಟು. ಒಬ್ಬ ಬಡವನೂ ತಮ್ಮ ಕಡೆ ಇರಬಾರದೆಂದು ಎರಡು ಊರುಗಳು ಹಣ ಸುರಿದು ಜಗಳವಾಡುವ ದೃಶ್ಯಕ್ಕಿಂತ ದೊಡ್ಡ ವಿಡಂಬನೆಯನ್ನು ಯಾವ ನಾಟಕಕಾರ ಕಲ್ಪಿಸಿಯಾನು?

ಈ ವಿಡಂಬನೆಯನ್ನು ಕಂಡು ನಕ್ಕವನು ಹೆನ್ರಿ ಫೀಲ್ಡಿಂಗ್. 1742ರ ‘ಜೋಸೆಫ್ ಆಂಡ್ರೂಸ್’ ಕಾದಂಬರಿಯ ನಾಲ್ಕನೆಯ ಭಾಗವನ್ನು ನೋಡಿ. ಸೇವಕ ಜೋಸೆಫನಿಗೂ ಬಡ ಹುಡುಗಿ ಫ್ಯಾನಿಗೂ ಮದುವೆ ಗೊತ್ತಾಗಿದೆ. ಜೋಸೆಫನ ಮೇಲೆ ತನಗೇ ಆಸೆಯಿರುವ ಲೇಡಿ ಬೂಬಿ ಇದನ್ನು ತಪ್ಪಿಸಬೇಕು. ಅವಳು ಹುಡುಕುವ ನೆಪ ಬಡವರ ಕಾನೂನು: ಊರಿನಲ್ಲಿ ಬಡವರು ಈಗಲೇ ಸಾಕಷ್ಟಿದ್ದಾರೆ, ಇವರೂ ಸಂಸಾರ ಹೂಡಿದರೆ ತೆರಿಗೆ ಏರುತ್ತದೆ ಎಂಬ ವಾದ. ಜೋಸೆಫ್ ವರ್ಷಕ್ಕೂ ಹೆಚ್ಚು ಸೇವೆ ಮಾಡಿದವನು, ನೆಲೆಯ ಹಕ್ಕು ಅವನಿಗೆ ಬಂದುಬಿಟ್ಟಿದೆ. ಇದನ್ನು ತಾನೇ ಒಪ್ಪಿದ್ದ ವಕೀಲ ಸ್ಕೌಟ್ ಈಗ ಒಡತಿಯ ಮುಖ ನೋಡಿ, ಕಾನೂನಿನ ನೆಲೆ ಬೇರೆ, ವಾಸ್ತವದ ನೆಲೆ ಬೇರೆ ಎಂದು ನಾಲಗೆ ಹೊರಳಿಸುತ್ತಾನೆ. ಕೊನೆಗೆ ಅದೂ ಬೇಡವೆಂದು, ಹೊಲದಲ್ಲಿ ಒಂದು ಹೇಜಲ್ ಗಿಡದ ಕಡ್ಡಿ ಮುರಿದರೆಂಬ ಆರೋಪದ ಮೇಲೆ ಇಬ್ಬರನ್ನೂ ಜಸ್ಟೀಸನ ಮುಂದೆ ನಿಲ್ಲಿಸುತ್ತಾರೆ. ಅವನು ಒಂದು ತಿಂಗಳ ಬಂದೀಖಾನೆ ವಿಧಿಸಿ, ತನ್ನದು ಬಹಳ ದಯೆಯೆಂದುಕೊಳ್ಳುತ್ತಾನೆ. ಅವನು ಬರೆದುಕೊಂಡ ಹೇಳಿಕೆಯನ್ನು ಫೀಲ್ಡಿಂಗ್ ಪೂರ್ತಿಯಾಗಿ ಮುದ್ರಿಸುತ್ತಾನೆ. ಅದರಲ್ಲಿ ತಪ್ಪು ಕಾಗುಣಿತವಿಲ್ಲದ ಸಾಲು ಸಿಗುವುದು ಕಷ್ಟ.

ಫೀಲ್ಡಿಂಗ್ ವಕೀಲ. ನ್ಯಾಯಾಲಯಗಳನ್ನು ಸುತ್ತಿ ಬಂದವನು. ಆದುದರಿಂದಲೇ ಅವನ ನಗೆಗೆ ಹರಿತವಿದೆ. ಜಮೀನುದಾರನ ಮನೆಯ ಪಡಸಾಲೆಯೇ ನ್ಯಾಯಾಲಯ, ನೆರೆಮನೆಯ ಒಡತಿಯ ಇಚ್ಛೆಯೇ ಕಾನೂನು ಎಂಬ ಸ್ಥಿತಿಯನ್ನು ಅವನಷ್ಟು ನಿಖರವಾಗಿ ತೋರಿಸಿದವರು ವಿರಳ. ಆದರೆ ಅವನ ಪರಿಹಾರವನ್ನೂ ಗಮನಿಸಬೇಕು. ಜೋಸೆಫ್ ಮತ್ತು ಫ್ಯಾನಿ ಬಿಡುಗಡೆಯಾಗುವುದು ನ್ಯಾಯದಿಂದ ಅಲ್ಲ. ಲೇಡಿ ಬೂಬಿಯ ಸೋದರಳಿಯನಾದ ಶ್ರೀಮಂತ ಸರಿಯಾದ ಹೊತ್ತಿಗೆ ಬಂದು ಇಬ್ಬರನ್ನೂ ತನ್ನ ವಶಕ್ಕೆ ಪಡೆಯುವುದರಿಂದ. 1749ರ ‘ಟಾಮ್ ಜೋನ್ಸ್’ ಕಾದಂಬರಿಯಲ್ಲಿಯೂ ಇದೇ ಕ್ರಮ. ಹಾಸಿಗೆಯಲ್ಲಿ ಸಿಕ್ಕ ಅನಾಥ ಶಿಶುವಿನ ತಾಯಿಯೆಂದು ಜೆನ್ನಿ ಜೋನ್ಸಳನ್ನು ಕರೆತಂದಾಗ, ಜಸ್ಟೀಸನೂ ಆದ ಆಲ್‌ವರ್ದಿ ಅವಳನ್ನು ಸೆರೆಮನೆಗೆ ಕಳುಹಿಸದೆ ಬುದ್ಧಿ ಹೇಳಿ ದೂರದ ಊರಿಗೆ ಕಳುಹಿಸುತ್ತಾನೆ. ಕೆಟ್ಟ ಧಣಿಗೆ ಒಳ್ಳೆಯ ಧಣಿಯೇ ಮದ್ದು. ಧಣಿತನದ ಬಗ್ಗೆ ಮಾತಿಲ್ಲ. 1748ರಿಂದ ಆಚೆಗೆ ಲಂಡನ್ನಿನಲ್ಲಿ ತಾನೇ ಜಸ್ಟೀಸನಾಗಿ ಕುಳಿತ ಫೀಲ್ಡಿಂಗ್, 1753ರಲ್ಲಿ ಬಡವರ ಸಮಸ್ಯೆಗೆ ಒಂದು ಯೋಜನೆ ಬರೆದ. 5,000 ಜನರನ್ನು ಹಿಡಿಸುವ ಒಂದು ಮಹಾ ದುಡಿಮೆಮನೆ, ಗಂಟೆಗಂಟೆಗೂ ಕಟ್ಟಳೆ. ಕಾದಂಬರಿಯಲ್ಲಿ ಕಡ್ಡಿಗಾಗಿ ಸೆರೆ ಹಾಕುವವನನ್ನು ನೋಡಿ ನಕ್ಕವನೇ ಕುರ್ಚಿಯಲ್ಲಿ ಕುಳಿತಾಗ ಬಡವರಿಗೆ ಕಂಡುಕೊಂಡ ದಾರಿ ಇದು. ಇದನ್ನು ಕಪಟವೆನ್ನಲಾರೆ. ಬಡವನನ್ನು ಕಥೆಯ ನಾಯಕನಾಗಿ ಕಂಡಾಗ ಒಂದು ಬಗೆ, ಸಮಸ್ಯೆಯಾಗಿ ಕಂಡಾಗ ಇನ್ನೊಂದು ಬಗೆ. ಈ ಎರಡು ಕಣ್ಣುಗಳು ಒಬ್ಬನ ಮುಖದಲ್ಲಿಯೇ ಇರಬಲ್ಲವು.

ಎರಡನ್ನೂ ಒಂದೇ ಕಡೆಗೆ ತಿರುಗಿಸಿದವನು ಜಾರ್ಜ್ ಕ್ರ್ಯಾಬ್. 1754ರಲ್ಲಿ ಸಫೋಕ್ ಕಡಲ ತೀರದ ಆಲ್ಡ್‌ಬರೋದಲ್ಲಿ ಹುಟ್ಟಿದ ಈತ ವೈದ್ಯ ಕಲಿತು, ಅದೇ ಊರಿನ ಬಡವರಿಗೆ ಪ್ಯಾರಿಷ್ ನೇಮಿಸಿದ ವೈದ್ಯನಾಗಿದ್ದ. ಅನಂತರ ಲಂಡನ್ನಿಗೆ ಹೋಗಿ, ಹಸಿದು, ಎಡ್ಮಂಡ್ ಬರ್ಕನ ಆಶ್ರಯ ಪಡೆದು, ಪಾದ್ರಿಯಾದ. 1783ರ ‘ದಿ ವಿಲೇಜ್’ ಗೋಲ್ಡ್‌ಸ್ಮಿತ್‌ನ ಹಳ್ಳಿಗೆ ಕೊಟ್ಟ ಉತ್ತರವೆಂದು ಎಲ್ಲರೂ ಬಲ್ಲರು. ಹಸ್ತಪ್ರತಿಯನ್ನು ಡಾಕ್ಟರ್ ಜಾನ್ಸನ್ ಮೆಚ್ಚಿ ಕೆಲವು ಸಾಲುಗಳನ್ನು ತಿದ್ದಿಕೊಟ್ಟ. ಇದರಲ್ಲಿ ಪ್ಯಾರಿಷಿನ ಬಡವರ ಮನೆಯ ವರ್ಣನೆ ಬರುತ್ತದೆ. ಮಣ್ಣಿನ ಗೋಡೆ, ಮುರುಕು ಬಾಗಿಲು, ದಿನವೆಲ್ಲ ಗುಂಯ್‌ಗುಟ್ಟುವ ನೂಲುವ ಚಕ್ರ. ತಂದೆತಾಯಿ ಇಲ್ಲದ ಮಕ್ಕಳು, ಮಕ್ಕಳಿದ್ದೂ ಇಲ್ಲದ ತಂದೆತಾಯಿಗಳು, ಗಂಡ ಬಿಟ್ಟ ಹೆಂಗಸರು, ಕುಂಟರು, ಬುದ್ಧಿ ಭ್ರಮಿಸಿದವರು. ಸಾಯುತ್ತಿರುವ ಮುದುಕನನ್ನು ನೋಡಲು ಬರುವ ಪ್ಯಾರಿಷಿನ ವೈದ್ಯ ಅವಸರದಲ್ಲಿ ಎರಡು ಮಾತು ಕೇಳಿ ಹೊರಡುತ್ತಾನೆ. ಪಾದ್ರಿ ಬೇಟೆಯಲ್ಲಿ, ಇಸ್ಪೀಟಿನಲ್ಲಿ ಮಗ್ನ. ಹೆಣ ಹೂಳುವುದಕ್ಕೂ ಅವನಿಗೆ ಪುರುಸೊತ್ತಿಲ್ಲ. ಭಾನುವಾರದ ವರೆಗೆ ಕಾಯಬೇಕು.

ನಮ್ಮ ಅಲಂಕಾರ ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಗೋಲ್ಡ್‌ಸ್ಮಿತ್‌ನ ಕರುಣರಸಕ್ಕೆ ಆಲಂಬನ ಊರು. ಕ್ರ್ಯಾಬನಲ್ಲಿ ಆಲಂಬನ ಆ ಮುದುಕ. ಊರಿಗಾಗಿ ಅಳುವುದು ಸುಲಭ, ಅದು ನಮ್ಮನ್ನು ಏನನ್ನೂ ಕೇಳುವುದಿಲ್ಲ. ಮುದುಕನಿಗಾಗಿ ಅಳುವಾಗ ಅವನ ಹಾಸಿಗೆಯ ವಾಸನೆಯನ್ನೂ ಸಹಿಸಬೇಕು. ಕರುಣದ ಪಕ್ಕದಲ್ಲಿ ಬೀಭತ್ಸ ಬಂದು ಕೂರುತ್ತದೆ. ಕ್ರ್ಯಾಬನ ಓದುಗರಲ್ಲಿ ಹಲವರಿಗೆ ಇದು ರಸಾಭಾಸವೆನಿಸಿತು. ನನಗೆ ಹಾಗೆನಿಸುವುದಿಲ್ಲ. ವೈದ್ಯನಾಗಿ ಅಂಥ ಮನೆಗಳ ಹೊಸ್ತಿಲು ತುಳಿದವನು ಪ್ಯಾರಿಷ್ ವೈದ್ಯನ ಮೇಲೆ, ಪಾದ್ರಿಯ ಪಟ್ಟ ಪಡೆದವನು ಪಾದ್ರಿಯ ಮೇಲೆ ಬರೆದಿದ್ದಾನೆ ಎಂಬುದನ್ನು ನೆನೆದರೆ ಅದರ ಕಹಿಗೆ ಒಂದು ಅಧಿಕಾರವಿದೆ. ಆದರೂ ಕೃತಿಯ ಕೊನೆ ಸೋಲುತ್ತದೆ. ಎರಡನೆಯ ಭಾಗದ ಅಂತ್ಯದಲ್ಲಿ ಕವಿ ಹಳ್ಳಿಯನ್ನು ಬಿಟ್ಟು, ತನ್ನ ಆಶ್ರಯದಾತನ ಮನೆತನದ ಲಾರ್ಡ್ ರಾಬರ್ಟ್ ಮ್ಯಾನರ್ಸ್ ಎಂಬ ಯೋಧನ ಮರಣಕ್ಕೆ ಶೋಕಗೀತೆ ಹಾಡುತ್ತಾನೆ. ದೊಡ್ಡವರೂ ಸಾಯುತ್ತಾರೆ, ಆದುದರಿಂದ ಬಡವರು ಸಮಾಧಾನ ಹೊಂದಲಿ ಎಂಬ ಧ್ವನಿ. ಬಡವರ ಮನೆಯ ಮುದುಕನಿಗೆ ಇದರಿಂದ ಯಾವ ಸಮಾಧಾನ? ಔಚಿತ್ಯದ ದೃಷ್ಟಿಯಿಂದ ಇದು ದೊಡ್ಡ ಲೋಪ.

ಈ ಲೋಪವನ್ನು ಕ್ರ್ಯಾಬ್ 27 ವರ್ಷಗಳ ಮೇಲೆ ತೀರಿಸಿದ. 1810ರ ‘ದಿ ಬರೋ’ ಸಂಕಲನದಲ್ಲಿ ‘ಪೀಟರ್ ಗ್ರೈಮ್ಸ್’ ಎಂಬ ಕಥನವಿದೆ. 1945ರಲ್ಲಿ ಬೆಂಜಮಿನ್ ಬ್ರಿಟನ್ ಇದನ್ನು ಸಂಗೀತನಾಟಕ ಮಾಡಿದ ಮೇಲೆ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು. ಬೆಸ್ತನಾದ ಗ್ರೈಮ್ಸ್ ಲಂಡನ್ನಿನ ದುಡಿಮೆಮನೆಗಳಿಂದ ಅನಾಥ ಹುಡುಗರನ್ನು ಕಸುಬು ಕಲಿಸುವ ನೆಪದಲ್ಲಿ ತರಿಸಿಕೊಳ್ಳುತ್ತಾನೆ. ಹುಡುಗನನ್ನು ಸಾಗಹಾಕಿದರೆ ಆ ಊರಿಗೆ ಒಂದು ಹೊಟ್ಟೆ ಕಡಿಮೆ; ಅದಕ್ಕಾಗಿ ಧಣಿಗೆ ಕೈಗೆ ಹಣ ಕೊಟ್ಟು ಒಪ್ಪಿಸುತ್ತಾರೆ. ಗ್ರೈಮ್ಸ್ ಹುಡುಗನನ್ನು ಹೊಡೆಯುತ್ತಾನೆ, ಹಸಿವಿನಲ್ಲಿ ಕೆಡವುತ್ತಾನೆ. ಒಬ್ಬರಾದ ಮೇಲೊಬ್ಬರು ಮೂವರು ಸಾಯುತ್ತಾರೆ. ಇಲ್ಲಿ ಎದೆಯನ್ನು ಹಿಂಡುವುದು ಗ್ರೈಮ್ಸನ ಕ್ರೌರ್ಯಕ್ಕಿಂತ ಊರಿನವರ ನಡತೆ. ಗುಡಿಸಲಿನಿಂದ ಹುಡುಗನ ಕೂಗು ಕೇಳಿಸುತ್ತದೆ. ಕೇಳಿದವರು ಒಂದು ಮಾತು ಆಡಿಕೊಂಡು ತಮ್ಮ ದಾರಿ ಹಿಡಿಯುತ್ತಾರೆ. ಹುಡುಗ ತಮ್ಮ ಪ್ಯಾರಿಷಿನವನಲ್ಲ. ಮೂರನೆಯ ಸಾವಿನ ಮೇಲಷ್ಟೇ ಊರಿನ ಮೇಯರ್ ಇನ್ನು ಹುಡುಗರನ್ನು ಇಟ್ಟುಕೊಳ್ಳಕೂಡದೆಂದು ತಡೆಯುತ್ತಾನೆ. ಕಾನೂನು ತನ್ನ ಪಾಡಿಗೆ ನಡೆದಿದೆ, ಕಾಗದಗಳೆಲ್ಲ ಸರಿಯಾಗಿವೆ, ಮೂವರು ಮಕ್ಕಳು ಸತ್ತಿದ್ದಾರೆ. ನೆಲೆಯ ಹಕ್ಕಿನ ವ್ಯವಸ್ಥೆ ಮನುಷ್ಯನ ಕಿವಿಗೆ ಏನು ಮಾಡುತ್ತದೆ ಎಂಬುದನ್ನು ಇಷ್ಟು ಬಲವಾಗಿ ಹೇಳಿದ ಇನ್ನೊಂದು ಕಾವ್ಯವನ್ನು ನಾನು ಕಾಣೆ.

ವರ್ಡ್ಸ್‌ವರ್ತ್‌ನನ್ನು ಇಲ್ಲಿ ನೆನೆಯದೆ ಹೋಗುವಂತಿಲ್ಲ. ಫ್ರಾನ್ಸಿನೊಡನೆ ಯುದ್ಧ ನಡೆದಿದ್ದ ಕಾಲ. ಧಾನ್ಯದ ಬೆಲೆ ಏರಿತ್ತು. 1795ರ ಮೇ ತಿಂಗಳಲ್ಲಿ ಬರ್ಕ್‌ಷೈರಿನ ಜಸ್ಟೀಸರು ಸ್ಪೀನ್‌ಹ್ಯಾಮ್‌ಲ್ಯಾಂಡಿನ ಪೆಲಿಕನ್ ಎಂಬ ಛತ್ರದಲ್ಲಿ ಕೂಡಿ, ಗ್ಯಾಲನ್ ರೊಟ್ಟಿಗೆ 1 ಷಿಲಿಂಗ್ ಬೆಲೆಯಿದ್ದಾಗ ದುಡಿಯುವ ಗಂಡಸಿಗೆ ವಾರಕ್ಕೆ 3 ಷಿಲಿಂಗ್, ಹೆಂಡತಿಗೂ ಮನೆಯ ಉಳಿದವರಿಗೂ ತಲಾ 1 ಷಿಲಿಂಗ್ 6 ಪೆನ್ಸ್ ದೊರೆಯುವಂತೆ ಕೂಲಿಯ ಕೊರತೆಯನ್ನು ತೆರಿಗೆಯಿಂದ ತುಂಬಬೇಕೆಂದು ಗೊತ್ತುಮಾಡಿದರು. ದೇಶದಲ್ಲಿ ಬಡವರಿಗಾಗಿ ಆದ ವೆಚ್ಚ 1776ರಲ್ಲಿ ಸುಮಾರು 15 ಲಕ್ಷ ಪೌಂಡು. 1803ರ ಹೊತ್ತಿಗೆ 40 ಲಕ್ಷವನ್ನು ಮೀರಿತು. ಕೊಡುವವರು ಗೊಣಗುತ್ತಿದ್ದ ಈ ಕಾಲದಲ್ಲಿ, 1798ರಲ್ಲಿ, ‘ದಿ ಲಾಸ್ಟ್ ಆಫ್ ದಿ ಫ್ಲಾಕ್’ ಬಂತು. ಗಟ್ಟಿಮುಟ್ಟಾದ ಗಂಡಸೊಬ್ಬ ಕುರಿಮರಿಯನ್ನು ಹೊತ್ತು ಹೆದ್ದಾರಿಯಲ್ಲಿ ಅಳುತ್ತ ಬರುತ್ತಾನೆ. ಮಕ್ಕಳಿಗೆ ಅನ್ನವಿಲ್ಲದೆ ಪ್ಯಾರಿಷಿನ ಸಹಾಯ ಕೇಳಿದ. ಕುರಿಗಳಿರುವ ತನಕ ನೀನು ಸ್ಥಿತಿವಂತ, ಅವನ್ನು ಮಾರಿ ತಿನ್ನು ಎಂದರು. ಐವತ್ತು ಕುರಿಗಳಲ್ಲಿ ಉಳಿದದ್ದು ಇದೊಂದು. ಸಹಾಯಕ್ಕೆ ಅರ್ಹನಾಗಲು ಮನುಷ್ಯ ಮೊದಲು ಪೂರ್ತಿಯಾಗಿ ಹಾಳಾಗಬೇಕು ಎಂಬ ನಿಯಮದ ಒಳಗನ್ನು ಈ ಸರಳ ಕವನ ಬಿಚ್ಚಿ ತೋರಿಸುತ್ತದೆ. ಆದರೆ ಅದೇ ಕವಿಯ ‘ದಿ ಓಲ್ಡ್ ಕಂಬರ್ಲ್ಯಾಂಡ್ ಬೆಗ್ಗರ್’ ನನಗೆ ಅಷ್ಟು ಒಪ್ಪಿಗೆಯಾಗುವುದಿಲ್ಲ. ಮುದುಕ ಭಿಕ್ಷುಕನನ್ನು ದುಡಿಮೆಮನೆಗೆ ಹಾಕಬೇಡಿ ಎಂಬ ಮೊರೆ ಸರಿಯೇ; ಆದರೆ ಅವನು ಬಾಗಿಲಿಗೆ ಬರುವುದರಿಂದ ಊರಿನವರ ದಯಾಗುಣ ಒಣಗದೆ ಉಳಿಯುತ್ತದೆ ಎಂಬುದು ಕಾರಣಗಳಲ್ಲೊಂದು. ಇಲ್ಲಿ ಮುದುಕ ಇತರರ ಪುಣ್ಯಕ್ಕೆ ಸಾಧನ. ಬೇರೆ ದಾರಿಯಿಂದ ನಾವು ಆಬರ್ನಿನ ಪಾದ್ರಿಯ ಒಲೆಯ ಬಳಿಗೇ ಬಂದಂತಾಯಿತು.

ಇನ್ನು ಕಡತಗಳ ಕಡೆಗೆ ನೋಡೋಣ. ಸಸೆಕ್ಸಿನ ಈಸ್ಟ್ ಹೋತ್ಲಿ ಎಂಬ ಹಳ್ಳಿಯಲ್ಲಿ ಥಾಮಸ್ ಟರ್ನರ್ ಎಂಬ ಅಂಗಡಿಕಾರನಿದ್ದ. 1754ರಿಂದ 1765ರ ವರೆಗಿನ ಅವನ ದಿನಚರಿ ಉಳಿದಿದೆ; ಅದರ ಒಳ್ಳೆಯ ಆವೃತ್ತಿ 1984ರಲ್ಲಿ ಬಂತು. ಮಿಲ್ಟನ್, ಷೇಕ್ಸ್‌ಪಿಯರರನ್ನು ಓದುತ್ತಿದ್ದ ಈತ ಬಡವರ ಓವರ್‌ಸಿಯರನೂ ಆಗಿದ್ದ. ಗರ್ಭಿಣಿಯನ್ನು ಜಸ್ಟೀಸನ ಮುಂದೆ ಪ್ರಮಾಣ ಮಾಡಿಸಲು ಕರೆದೊಯ್ಯುವುದು, ಮಗುವಿನ ತಂದೆಯಿಂದ ಮುಚ್ಚಳಿಕೆ ಬರೆಸಲು ಓಡಾಡುವುದು, ವೆಸ್ಟ್ರಿ ಎಂಬ ಊರ ಸಭೆಯಲ್ಲಿ ತೆರಿಗೆಗಾಗಿ ನಡೆದ ಬೈಗುಳಗಳನ್ನು ಕೇಳಿ ಬೇಸರಪಡುವುದು, ಬಡವರಿಗೆ ಬೇಕಾದ ಸಾಮಾನನ್ನು ತನ್ನ ಅಂಗಡಿಯಿಂದಲೇ ಒದಗಿಸುವುದು ಎಲ್ಲವೂ ಅಲ್ಲಿದೆ. ಗೋಲ್ಡ್‌ಸ್ಮಿತ್ ಬಿಟ್ಟ ಅಧಿಕಾರಿ ಇವನೇ. ರಾಕ್ಷಸನಲ್ಲ, ದೇವತೆಯಲ್ಲ. ನಾಳೆಯೂ ಅದೇ ಊರಿನಲ್ಲಿ ವ್ಯಾಪಾರ ಮಾಡಬೇಕಾದ ಮನುಷ್ಯ.

ಗೋಲ್ಡ್‌ಸ್ಮಿತ್‌ನ ಪಾದ್ರಿಗೆ ಹತ್ತಿರದವನೂ ದಿನಚರಿಗಳಲ್ಲಿ ಸಿಗುತ್ತಾನೆ. ನಾರ್ಫೋಕಿನ ವೆಸ್ಟನ್ ಲಾಂಗ್‌ವಿಲ್ ಎಂಬ ಊರಿನಲ್ಲಿ 1776ರಿಂದ ಸಾಯುವ ವರೆಗೆ ನೆಲೆಸಿದ ಜೇಮ್ಸ್ ವುಡ್‌ಫರ್ಡ್ ಪ್ರತಿ ಡಿಸೆಂಬರ್ 21ರಂದು ಊರಿನ ಬಡವರಿಗೆ ತಲಾ 6 ಪೆನ್ಸ್ ಕೊಡುತ್ತಿದ್ದ. ಕ್ರಿಸ್ಮಸ್ ದಿನ ಕೆಲವು ಮುದುಕರಿಗೆ ಮನೆಯಲ್ಲಿ ಊಟ, ತಲಾ ಒಂದು ಷಿಲಿಂಗ್. ದಯಾಳು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಲೆಕ್ಕ ಮಾಡಿ ನೋಡಿ. ಪ್ಯಾರಿಷಿನಿಂದ ವಾರಕ್ಕೆ ಒಂದೇ ಷಿಲಿಂಗ್ ಪಡೆಯುವ ವಿಧವೆಗೂ ವರ್ಷಕ್ಕೆ 52 ಷಿಲಿಂಗ್ ಆಯಿತು. ಅಂದರೆ ಪಾದ್ರಿಯ ಆ 6 ಪೆನ್ಸಿನ 104ರಷ್ಟು. ಕವಿಗಳು ಹಾಡಿದ್ದು 6 ಪೆನ್ಸನ್ನು. ಇದೇ ವುಡ್‌ಫರ್ಡ್ 1781ರಲ್ಲಿ ಗ್ರೆಸೆನ್‌ಹಾಲಿನ ದೊಡ್ಡ ದುಡಿಮೆಮನೆಯನ್ನು ನೋಡಿಬಂದು, ಸುಮಾರು 380 ಬಡವರಿರುವರೆಂದೂ, ಅವರ ಮುಖದಲ್ಲಿ ಆರೋಗ್ಯವೂ ಇಲ್ಲ ಗೆಲುವೂ ಇಲ್ಲವೆಂದೂ, ಕ್ರಿಸ್ಮಸ್ಸಿನಿಂದ ಈಚೆಗೆ 27 ಜನ ಸತ್ತರೆಂದೂ ಬರೆದುಕೊಂಡ. ಇದರಲ್ಲಿ ಒಂದು ವಿಶೇಷಣವೂ ಹೆಚ್ಚಿಲ್ಲ. ಕ್ರ್ಯಾಬನ ಕಹಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಆದರೆ ಕಡತವೆಂದರೆ ಸತ್ಯ, ಕಾವ್ಯವೆಂದರೆ ಸುಳ್ಳು ಎಂಬ ಸುಲಭದ ತೀರ್ಮಾನಕ್ಕೆ ಬರಬಾರದು. ನೆಲೆಯ ಹಕ್ಕಿನ ವಿಚಾರಣೆಯ ಹೇಳಿಕೆಗಳು ಸಾವಿರಾರು ಉಳಿದಿವೆ. ಎಲ್ಲಿ ಹುಟ್ಟಿದೆ, ಯಾರಲ್ಲಿ ಎಷ್ಟು ಕಾಲ ಆಳಾಗಿದ್ದೆ, ಸಂಬಳವೆಷ್ಟು, ಎಲ್ಲಿ ಮದುವೆಯಾದೆ, ಮಕ್ಕಳೆಷ್ಟು: ಬಡವನ ಇಡೀ ಬಾಳು ಒಂದು ಪುಟಕ್ಕೆ ಇಳಿಯುತ್ತದೆ. ಕೊನೆಗೆ ರುಜುವಿನ ಜಾಗದಲ್ಲಿ ಬಹುಮಟ್ಟಿಗೆ ಒಂದು ಗುರುತು. ಬರೆದವನು ಗುಮಾಸ್ತ. ಕೇಳಿದ್ದು ಹಕ್ಕಿಗೆ ಸಂಬಂಧಪಟ್ಟದ್ದನ್ನು ಮಾತ್ರ. ಧಣಿ ಒಳ್ಳೆಯವನೋ, ಹೆಂಡತಿ ಏಕೆ ಸತ್ತಳು, ಊರು ಬಿಟ್ಟಾಗ ಏನೆನಿಸಿತು ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಕಡತದ ಬಡವನೂ ಒಬ್ಬರು ಕಟ್ಟಿದ ಪಾತ್ರವೇ. ಆ ಕೇಳದೆ ಬಿಟ್ಟ ಪ್ರಶ್ನೆಗಳನ್ನು ಕೇಳುವುದಕ್ಕಾಗಿಯೇ ನಮಗೆ ಕಾವ್ಯ ಬೇಕು. ಕುರಿಮರಿ ಹೊತ್ತವನನ್ನು ವರ್ಡ್ಸ್‌ವರ್ತ್ ನಿಲ್ಲಿಸಿ ಕೇಳಿದ್ದು ಅದನ್ನೇ.

ಬಡವರೇ ಬರೆದದ್ದೂ ಇಲ್ಲದಿಲ್ಲ. ದೂರದ ಊರುಗಳಲ್ಲಿ ದುಡಿಯುತ್ತಿದ್ದು ಕಷ್ಟಕ್ಕೆ ಸಿಕ್ಕಿದವರು ತಮ್ಮ ಸ್ವಂತ ಪ್ಯಾರಿಷಿನ ಓವರ್‌ಸಿಯರಿಗೆ ಕಾಗದ ಬರೆಯುತ್ತಿದ್ದರು. ಎಸೆಕ್ಸ್ ಜಿಲ್ಲೆಯೊಂದರ ಇಂಥ 700ಕ್ಕೂ ಹೆಚ್ಚು ಪತ್ರಗಳು 2001ರಲ್ಲಿ ಪುಸ್ತಕವಾಗಿ ಬಂದವು. ಅವುಗಳಲ್ಲಿ ಹೆಚ್ಚಿನವು 19ನೆಯ ಶತಮಾನದ ಮೊದಲ ದಶಕಗಳವು. ಬಾಯಲ್ಲಿ ಆಡಿದಂತೆಯೇ ಕಾಗುಣಿತ, ನಿಲುಗಡೆಯಿಲ್ಲದ ವಾಕ್ಯಗಳು. ಫೀಲ್ಡಿಂಗನ ಜಸ್ಟೀಸನ ತಪ್ಪುಗಳಿಗೆ ನಕ್ಕ ನಾವು ಈ ತಪ್ಪುಗಳಿಗೆ ನಗಲಾರೆವು. ಬಾಡಿಗೆ ಬಾಕಿಯಿದೆ, ಮಕ್ಕಳಿಗೆ ಬೂಟಿಲ್ಲ, ಹೆಂಡತಿ ಹಾಸಿಗೆ ಹಿಡಿದಿದ್ದಾಳೆ ಎಂದು ಬೇಡಿಕೊಳ್ಳುತ್ತಾರೆ. ಅದರ ಜೊತೆಗೆ ಇನ್ನೊಂದು ಮಾತನ್ನೂ ಮತ್ತೆ ಮತ್ತೆ ಹೇಳುತ್ತಾರೆ: ನೀವು ಹಣ ಕಳುಹಿಸದಿದ್ದರೆ ಸಂಸಾರ ಸಮೇತ ಊರಿಗೆ ಬಂದುಬಿಡುತ್ತೇವೆ, ಆಗ ನಿಮಗೆ ಇನ್ನೂ ಹೆಚ್ಚು ಖರ್ಚು. ಇದು ಭಿಕ್ಷುಕನ ಮಾತಲ್ಲ. ಕಾನೂನಿನ ಒಳಹೊರಗನ್ನು ಬಲ್ಲವನ ಮಾತು. ಬಡವನನ್ನು ಕಟ್ಟಿಹಾಕಿದ ನೆಲೆಯ ಹಕ್ಕನ್ನೇ ಅವನು ಹಿಡಿದು ತಿರುಗಿಸಿದ್ದಾನೆ.

ಕವಿ ಇತಿಹಾಸಕಾರನಲ್ಲ, ಓವರ್‌ಸಿಯರನನ್ನು ಬಿಟ್ಟದ್ದೇ ದೋಷವೆನ್ನುವುದು ಅರಸಿಕತನ ಎಂದು ಸಹೃದಯರು ಆಕ್ಷೇಪಿಸಬಹುದು. ಒಪ್ಪುವ ಮಾತೇ. ಎಲ್ಲವನ್ನೂ ಸೇರಿಸುವುದು ಕಾವ್ಯದ ಕೆಲಸವಲ್ಲ. ಆದರೆ ಬಿಟ್ಟದ್ದರಿಂದ ರಸವೇ ಬದಲಾಯಿತೆಂದರೆ ವಿಮರ್ಶೆ ಅದನ್ನು ಕೇಳಬೇಕು. ಕೊಡುವವನು ದಯಾಳುವಾದ ಪಾದ್ರಿಯಾದಾಗ ಪಡೆಯುವವನಿಗೆ ಉಳಿಯುವುದು ಕೃತಜ್ಞತೆಯೊಂದೇ. ಆಬರ್ನಿನ ಬಡವರು ಇಂಪಾಗಿ ಕಾಣುವುದು ಅವರು ಏನನ್ನೂ ಕೇಳದೆ ಇರುವುದರಿಂದ. ನಿಜವಾದ ಹಳ್ಳಿಯ ಬಡವ ಕೇಳುತ್ತಿದ್ದ. ಓವರ್‌ಸಿಯರ್ ಇಲ್ಲವೆಂದರೆ ಜಸ್ಟೀಸನವರೆಗೆ ನಡೆದು ದೂರು ಕೊಡುತ್ತಿದ್ದ. ಜಸ್ಟೀಸ್ ಎಷ್ಟೋ ಸಲ ಓವರ್‌ಸಿಯರನಿಗೇ ಕೊಡಬೇಕೆಂದು ಹುಕುಂ ಮಾಡುತ್ತಿದ್ದ. ಕೇಳುವವನು ಯಾವಾಗಲೂ ಇಂಪಾಗಿರುವುದಿಲ್ಲ. ಕೃತಜ್ಞನಾದ ಬಡವನನ್ನು ಓದಿ ನಾವು ಒಳ್ಳೆಯವರೆಂದುಕೊಳ್ಳಬಹುದು. ಹಕ್ಕು ಕೇಳುವ ಬಡವನನ್ನು ಓದಿದಾಗ ನಾವು ತೆರಿಗೆ ಕೊಡುವವರ ಸಾಲಿನಲ್ಲಿ ಕುಳಿತಿರುವುದು ನೆನಪಾಗುತ್ತದೆ.

1834ರಲ್ಲಿ ಹೊಸ ಕಾನೂನು ಬಂದು ಈ ಹಳೆಯ ಏರ್ಪಾಡು ಮುಗಿಯಿತು. ಅದರ ಬದಲಿಗೆ ಬಂದದ್ದು ಇನ್ನೂ ಕಠಿಣವಾದ ದುಡಿಮೆಮನೆ. ಗೋಲ್ಡ್‌ಸ್ಮಿತ್‌ನನ್ನು ಓದುವುದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಅವನ ಪಕ್ಕದಲ್ಲಿ ‘ಪೀಟರ್ ಗ್ರೈಮ್ಸ್’ ಇರಲಿ, ಟರ್ನರನ ದಿನಚರಿ ಇರಲಿ, ಕಾಗುಣಿತ ಬಾರದವರ ಆ ಕಾಗದಗಳೂ ಇರಲಿ. ನಮ್ಮ ಭಾಷೆಯಲ್ಲಿ ಹಳ್ಳಿಯ ಬಡವನನ್ನು ಕುರಿತು ಬರೆಯುವವರಿಗೂ ಇದು ಸಲ್ಲುವ ಮಾತೆಂದು ತಿಳಿಯುತ್ತೇನೆ. ಅವನ ಕಣ್ಣೀರನ್ನು ಬರೆಯುವ ಮುಂಚೆ ಅವನು ಯಾರ ಮುಂದೆ ನಿಂತು ಏನನ್ನು ಕೇಳಿದ, ಯಾವ ಕಾಗದದ ಮೇಲೆ ಯಾರು ಇಲ್ಲವೆಂದು ಬರೆದರು ಎಂಬುದನ್ನು ತಿಳಿದುಕೊಂಡರೆ ಬರವಣಿಗೆಗೆ ನಷ್ಟವಾಗುವುದಿಲ್ಲ.